ತೂಬು

ಮೊದಲು ಊರುಗೋಲು ಇಳಿಯಿತು, ಆಮೇಲೆ ಬಲಗಾಲು,
ಆಮೇಲೆ ಯಾವುದೂ ಇಳಿಯಲಿಲ್ಲ.
ಬಾಗಿಲಿಗೆ ಒರಗಿ ನಿಂತ ಮರಂಕಯ್ಯ,
ಇಪ್ಪತ್ತೆಂಟು ವರ್ಷ ಕಬ್ಬಿನ ಲಾರಿ ಓಡಿಸಿದವನು.
ಹೊತ್ತದ್ದು ಸಕ್ಕರೆಗೆ; ಸಕ್ಕರೆಯೇ
ಮಂಡಿಯ ಕೆಳಗಿನದನ್ನು ತಿಂದುಕೊಂಡಿತು.
ಹೀಗೆ ಹೇಳಿ ನಗುವವನು ಅವನೇ, ನಾವಲ್ಲ.

"ಕ್ಲಚ್ಚಿಲ್ಲದ ಗಾಡಿ ಕೊಡ್ಸವ್ನೆ ನಮ್ಮಳಿಯ.
ಚಂದಾಗದೆ. ಆದ್ರೆ ನನ್ ಮಾತು ಕೇಳಾಕಿಲ್ಲ.
ಮೇಲುಕೋಟೆ ಏರ್ನಾಗೆ ಎರಡಾ, ಮೂರಾ, ಎರಡಾ ಅಂತ
ಹೊಸ ಕಂಡಕ್ಟರು ಚಿಲ್ರೆ ಎಣಿಸ್ದಂಗೆ ತಡವರಿಸ್ತದೆ.
ಇಳಿವಾಗ ಕೆಳಗಿನ ಗೇರಿಗೆ ಎಳುದ್ರೆ,
ತಡಿ, ನಿಧಾನ ಆಗ್ಲಿ, ಆಮೇಲೆ ನೋಡಾನ ಅಂತದೆ.
ಕಾಲು ಹೋಯ್ತು, ಸರಿ.
ಎಡಗೈ ಏನ್ ಪಾಪ ಮಾಡಿತ್ತು?"

ಆ ಎಡಗೈ ನೋಡಿದೆ. ಮಾತಿನ ನಡುವೆಯೂ
ಗಾಳಿಯಲ್ಲಿ ಗೇರು ಹಾಕುತ್ತಿತ್ತು,
ಇಲ್ಲದ ಗುಂಡಿಗೆ ಅಂಗೈ ಬಾಗಿಸಿ.

ಗುತ್ತಲು ರಸ್ತೆಯ ನನ್ನ ಶೆಡ್ಡಿನಲ್ಲಿ ಐದು ದಿನ.
ಅಡಿಯ ಪ್ಯಾನು ಬಿಚ್ಚಿದರೆ ಕೆಂಪೆಣ್ಣೆ ಕಪ್ಪಾಗಿ
ಮೊಣಕೈವರೆಗೂ ಹರಿಯಿತು.
ವಾಲ್ವ್ ಬಾಡಿ ಇಳಿಸಿ ಹಳೆ ಪಂಚೆಯ ಮೇಲೆ ಮಲಗಿಸಿದೆ.
ನೋಡಿದರೆ, ನಮ್ಮಪ್ಪನ ಊರು.

ನಮ್ಮಪ್ಪ ನೀರುಗಂಟಿ. ನಾಲೆಯಿಂದ ಕಾಲುವೆಗೆ,
ಕಾಲುವೆಯಿಂದ ಗದ್ದೆಗೆ, ಯಾರಿಗೆ ಎಷ್ಟು ಹೊತ್ತು ಎಂದು
ಗುದ್ದಲಿ ಹೆಗಲಿಗಿಟ್ಟು ಇರುಳೆಲ್ಲ ನಡೆದವನು.
ಇಲ್ಲಿಯೂ ಅದೇ: ಬೆರಳಗಲದ ನಾಲೆಗಳು,
ಸ್ಪ್ರಿಂಗು ಒತ್ತಿ ಹಿಡಿದ ತೂಬುಗಳು,
ವೇಗ ನೋಡಿ ಎಣ್ಣೆ ಬಿಡುವ ಗವರ್ನರೆಂಬ ನೀರುಗಂಟಿ.
ಅವನನ್ನೇ ಕೆಲಸದಿಂದ ತೆಗೆಯಬೇಕಿತ್ತು.
ಅಪ್ಪ ಕೇಳಿದ್ದರೆ ಎರಡು ದಿನ ಮಾತು ಬಿಡುತ್ತಿದ್ದ.

ಅವನ ದಾರಿಗೆ ಹಿತ್ತಾಳೆಯ ಬಿರಡೆ ಜಡಿದೆ.
ಉಕ್ಕಿನ ಗೋಲಿ ಎರಡು ಹೊರಗೆ ಬಂದವು; ಒಂದನ್ನು
ಪಕ್ಕದ ಟೈರಂಗಡಿಯ ಹುಡುಗ ಆಡಲು ಇಸಿದುಕೊಂಡ.
ನಡುವಿನ ತಗಡಿನಲ್ಲಿ ಒಂದು ತೂತು ಹಿಗ್ಗಿಸಬೇಕು.
ಹೆಚ್ಚಾದರೆ ಗೇರು ಒದೆಯುತ್ತದೆ,
ಕಡಿಮೆಯಾದರೆ ಜಾರಿ ಜಾರಿ ಒಳಗೇ ಸುಡುತ್ತದೆ.
ಡ್ರಿಲ್ಲಿನ ಮೊನೆಯನ್ನು ಕೈಯಲ್ಲೇ ತಿರುಗಿಸಿದೆ,
ಮಗುವಿನ ಕಿವಿಗೆ ಎಣ್ಣೆ ಬಿಡುವವರ ಹಾಗೆ ಉಸಿರು ಹಿಡಿದು.

ಕೂಡಿಸಿ ನೋಡಿದರೆ ಎರಡನೆಯ ಗೇರೇ ಇಲ್ಲ.
ಮತ್ತೆ ಎಲ್ಲ ಬಿಚ್ಚಿದೆ.
ಒಂದು ಗ್ಯಾಸ್ಕೆಟ್ಟು ತಲೆಕೆಳಗಾಗಿತ್ತು.
ಇದನ್ನು ಯಾರಿಗೂ ಹೇಳಿಲ್ಲ.

ಕೀಲಿ ಕೊಡುವಾಗ ಹೇಳಿದೆ:
ಇನ್ನು ಮೇಲೆ ಇದು ನಿಮ್ಮ ಪರವಾಗಿ ಯೋಚಿಸೋದಿಲ್ಲ.
ನೀವು ಏರಿಸಿದರೆ ಏರುತ್ತೆ, ಇಳಿಸಿದರೆ ಇಳಿಯುತ್ತೆ.
ಜೋರಾಗಿ ಓಡುವಾಗ ಒಂದಕ್ಕೆ ಎಳೆದರೂ ಸರಿ ಅನ್ನುತ್ತೆ,
ಎಂಜಿನ್ನು ಅರಚಿಕೊಂಡರೆ ಕಾಯುವವರಿಲ್ಲ.
"ಇಷ್ಟೇಯಾ?" ಅಂದ.

ಜಕ್ಕನಹಳ್ಳಿ ದಾಟಿ ಏರು ಶುರುವಾಯಿತು.
ಎರಡಕ್ಕೆ ಎಳೆದ. ಎರಡು ಬಂತು. ಎರಡೇ ಉಳಿಯಿತು.
ಬಂಡೆಗಳ ನಡುವೆ ಎಂಜಿನ್ನು ಒಂದೇ ಶ್ರುತಿಯಲ್ಲಿ ಹತ್ತಿತು.
ಇಳಿವಾಗ ಅವನ ಬಲಗಾಲು ಬ್ರೇಕಿನ ಹತ್ತಿರ ಸುಮ್ಮನೆ ಕೂತಿತ್ತು,
ಗಾಡಿ ತನ್ನ ಭಾರವನ್ನು ತಾನೇ ಹಿಡಿದುಕೊಂಡು ಇಳಿಯಿತು.
ಆಗ ಕಂಡೆ:
ಪ್ರತಿ ಗೇರಿಗೂ ಪಂಚೆಯೊಳಗೆ ಎಡತೊಡೆ
ಒಂದಿಷ್ಟು ಇಳಿದು, ಒಂದಿಷ್ಟು ಎದ್ದು,
ಇಲ್ಲದ ಕಾಲಿನಿಂದ ಇಲ್ಲದ ಕ್ಲಚ್ಚು ಒತ್ತುತ್ತಿತ್ತು.
ನಾನು ಕಿಟಕಿಯಾಚೆ ನೋಡಿದೆ.

ಪಾಂಡವಪುರದ ರೈಲ್ವೆ ಗೇಟು.
ರೈಲು ಹೋಯಿತು, ಗೇಟು ಎದ್ದಿತು,
ಕಾರು ನರಳಿತು. ಮುಂದೆ ಹೋಗಲೊಲ್ಲದು.
ಹಿಂದೆ ಹಾರ್ನುಗಳು. ಹುಲ್ಲು ಹೇರಿದ ಮೊಪೆಡ್ಡೊಂದು
ನಮ್ಮನ್ನು ಬಳಸಿಕೊಂಡು ಹೋಯಿತು.
ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.
ಅವನು ಲಿವರಿನ ಕಡೆ ಬಗ್ಗಿ ನೋಡಿದ. ಮೂರು.
ನಿಲ್ಲಿಸುವಾಗ ಇಳಿಸಿರಲಿಲ್ಲ, ಅದೂ ಇಳಿದಿರಲಿಲ್ಲ.

"ತಪ್ಪು ನಂದು ಕಣವ್ವ" ಅಂದ.
ಹಾರ್ನುಗಳು ಕೂಗುತ್ತಲೇ ಇದ್ದವು.
ಒಂದಕ್ಕೆ ಎಳೆಯುತ್ತಾ ಇನ್ನೊಂದು ಸಲ ಅಂದ,
ಪಾಕದ ಹದ ನಾಲಿಗೆಗಿಟ್ಟು ನೋಡುವವನಂತೆ:
"ನಂದೇ."